ಗೋಡು ಮಣ್ಣಿನ ಕಪ್ಪೆಗಳು

ಕಪ್ಪೆಯನ್ನು ಬೆನ್ನ ಮೇಲೆ ಮಲಗಿಸಿದರೆ ಅದು ತಟ್ಟನೆ ಮಗುಚಿಕೊಂಡು ನೆಟ್ಟಗೆ ಕೂರುತ್ತದೆ. ಎಂಥ ಸೋಮಾರಿ ಕಪ್ಪೆಯಾದರೂ ಸರಿ, ಅಂಗಾತ ಬಿದ್ದಿರುವುದನ್ನು ಒಪ್ಪುವುದಿಲ್ಲ. ನನ್ನ ಕೆಲಸವೆಲ್ಲ ನಿಂತಿದ್ದದ್ದು ಈ ಹಟದ ಮೇಲೆ. ತೊಟ್ಟಿಯ ನೀರಿನಲ್ಲಿ ಕಪ್ಪೆಯನ್ನು ಬಿಟ್ಟು, ನೀರನ್ನು ನಿಧಾನವಾಗಿ ಬಿಸಿ ಮಾಡುತ್ತಾ, ಆಗಾಗ ಅದನ್ನು ಅಂಗಾತ ಮಾಡಿ ನೋಡುತ್ತಿದ್ದೆ. ಯಾವ ಬಿಸಿಯಲ್ಲಿ ಅದಕ್ಕೆ ಮಗುಚಿಕೊಳ್ಳಲು ಆಗುವುದಿಲ್ಲವೋ ಅದೇ ಅದರ ತಾಳಿಕೆಯ ಅಂಚು. ಆ ಕ್ಷಣವೇ ಎತ್ತಿ ತಣ್ಣೀರಿಗೆ ಬಿಡಬೇಕು. ಕೊಂಚ ತಡವಾದರೂ ಉಳಿಯುವುದಿಲ್ಲ. ಸರಿಯಾಗಿ ಎತ್ತಿದರೆ ಒಂದಿಷ್ಟು ಹೊತ್ತಿನಲ್ಲಿ ಸುಧಾರಿಸಿಕೊಂಡು ನನ್ನನ್ನು ಗುರಾಯಿಸಿ ನೋಡುತ್ತದೆ. ಅದು ಹಾಗೆ ನೋಡಿದ ಮೇಲೆಯೇ ನಾನು ಉಸಿರು ಬಿಡುತ್ತಿದ್ದೆ.

ಪಾಂಡವಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಾ, ಬಿಡುವಿನಲ್ಲಿ ಈ ಸಂಶೋಧನೆ ಮಾಡುತ್ತಿದ್ದೆ. ಪ್ರಶ್ನೆ ಸರಳವಾದದ್ದು. ವರ್ಷವೆಲ್ಲ ನಾಲೆ ನೀರು ಕಾಣುವ ಗದ್ದೆಯ ಕಪ್ಪೆಗೂ, ವರ್ಷದಲ್ಲಿ ಬಹುಪಾಲು ಮಣ್ಣಿನೊಳಗೆ ನಿದ್ದೆ ಹೊಡೆಯುವ ಒಣನೆಲದ ಕಪ್ಪೆಗೂ ಬಿಸಿ ತಾಳುವುದರಲ್ಲಿ ಏನು ವ್ಯತ್ಯಾಸ? ಬಿಸಿ ಏರಿದಂತೆ ಅವುಗಳ ಓಡಾಟ ಹೇಗೆ ಬದಲಾಗುತ್ತದೆ? ಗದ್ದೆಯ ಕಪ್ಪೆಗಳನ್ನು ತಂದದ್ದು ಕಿರಂಗೂರಿನ ನಮ್ಮಣ್ಣನ ಗದ್ದೆಯಿಂದ. ಒಣನೆಲದವು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಕಡೆಯ ಒಂದು ಕಟ್ಟೆಯಿಂದ, ಅಂದರೆ ಮಳೆನೀರು ನಿಲ್ಲುವ ಸಣ್ಣ ಕೆರೆಯಿಂದ. ಹಿಂದಿನ ವರ್ಷದ ಮಳೆಗಾಲದಲ್ಲಿ ಹಿಡಿದು ತಂದು, ಪರೀಕ್ಷೆ ಮುಗಿದ ಮೇಲೆ ಹಿಡಿದ ಜಾಗದಲ್ಲೇ ಬಿಟ್ಟು ಬರುತ್ತಿದ್ದೆ. ಅಣ್ಣನಿಗೆ ಇದು ತಲೆಬಿಸಿಯಾಗಿತ್ತು.

"ಅಲ್ಲ ಕಣವ್ವಾ, ಊರೋರೆಲ್ಲ ಹಾಲು ಕರ್ದು ಡೈರಿಗೆ ಆಕ್ತಾರೆ. ನೀನು ನನ್ನ ಗದ್ದೇಲಿ ಕಪ್ಪೆ ಇಡ್ಕಂಡು ಬಸ್ಸತ್ತೀಯ. ನಮ್ಮನೆಗೆ ಕಪ್ಪೆ ಮನೆ ಅಂತ ಎಸ್ರು ಬಿದ್ದದೆ," ಎನ್ನುತ್ತಿದ್ದ. ಆದರೂ ಬುಟ್ಟಿ ಹಿಡಿದುಕೊಂಡು ನನ್ನ ಜೊತೆ ಬದುವಿನ ಮೇಲೆ ನಡೆಯುತ್ತಿದ್ದವನು ಅವನೇ.

ಓಡಾಟ ಅಳೆಯಲು ಪ್ಲೈವುಡ್ಡಿನಲ್ಲಿ ಉದ್ದನೆಯ ಒಂದು ಓಣಿ ಮಾಡಿಸಿದ್ದೆ. ತಳಕ್ಕೆ ನಾರಿನ ಚಾಪೆ, ಅದರ ಮೇಲೆ ಗೇಣಿಗೊಂದು ಬಿಳಿ ಗೆರೆ, ಮೇಲುಗಡೆ ಬಲ್ಬುಗಳು. ಓಣಿಯ ಒಂದು ತುದಿಯಲ್ಲಿ ಕಪ್ಪೆಯನ್ನು ಕೂರಿಸಿ ಹಿಂದಿನಿಂದ ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಅದು ಕುಪ್ಪಳಿಸುತ್ತದೆ. ಎಷ್ಟು ನೆಗೆತದಲ್ಲಿ ಎಷ್ಟು ಗೆರೆ ದಾಟಿತು, ಎಲ್ಲಿ ನಿಂತಿತು, ಯಾವಾಗ ತಟ್ಟಿದರೂ ಏಳದಾಯಿತು, ಎಲ್ಲವನ್ನೂ ಮೇಲೆ ಕಟ್ಟಿದ ಮೊಬೈಲು ಚಿತ್ರೀಕರಿಸುತ್ತಿತ್ತು. ತಂಪಿನಲ್ಲಿ ಒಮ್ಮೆ, ಬೆಚ್ಚಗೆ ಒಮ್ಮೆ, ಬಿಸಿಯಲ್ಲಿ ಒಮ್ಮೆ. ಮತ್ತೆ ಅದೇ ಕಪ್ಪೆಯನ್ನು ಸ್ವಲ್ಪ ಒಣಗಲು ಬಿಟ್ಟು, ತೂಕ ನೋಡಿ, ಇನ್ನೊಮ್ಮೆ.

ಕೇಳಲು ಸುಲಭ. ಮಾಡುವಾಗ ಒಂದು ಕೆಲಸವೂ ನೆಟ್ಟಗೆ ಆಗಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂದಾಗ ಹೀಟರಿನ ನಿಯಂತ್ರಕ ಕೆಟ್ಟಿತ್ತು. ನಾನು ಪಕ್ಕದ ಕೋಣೆಯಿಂದ ತಣ್ಣೀರು ತರುವಷ್ಟರಲ್ಲಿ ತೊಟ್ಟಿಯ ಎರಡು ಕಪ್ಪೆಗಳು ಸತ್ತಿದ್ದವು. ಪ್ರಯೋಗಾಲಯದ ಅಟೆಂಡರು "ಓಗ್ಲಿ ಬುಡಿ ಮೇಡಮ್ಮಾರೆ, ಕಪ್ಪೆ ತಾನೆ," ಎಂದ. ಆಮೇಲೆ ನನ್ನ ಮುಖ ನೋಡಿ ಅವನೇ ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿ ಹೂತು ಬಂದ. ಅಂದಿನಿಂದ ನಾನು ತೊಟ್ಟಿಯ ಮುಂದಿನಿಂದ ಎದ್ದದ್ದಿಲ್ಲ.

ನಾನು ನಿರೀಕ್ಷಿಸಿದ್ದು ಒಂದು, ಕಂಡದ್ದು ಇನ್ನೊಂದು. ಒಣನೆಲದ ಕಪ್ಪೆ ಗಟ್ಟಿಗ, ಗದ್ದೆಯ ಕಪ್ಪೆ ನಾಜೂಕಿನದು ಎಂದುಕೊಂಡಿದ್ದೆ. ನಾಗಮಂಗಲದವರು ತಮ್ಮ ಬಗ್ಗೆ ಹೇಳಿಕೊಳ್ಳುವುದೂ ಹಾಗೆಯೇ. ನಾವು ಬಿಸಿಲಿಗೆ ಜಗ್ಗುವವರಲ್ಲ, ನೀವು ನಾಲೆ ಕಡೆಯವರು ಬೆಣ್ಣೆಯ ಮೈಯವರು ಅಂತ. ಆದರೆ ಮಗುಚುವ ಪರೀಕ್ಷೆಯಲ್ಲಿ ಎರಡರ ಅಂಚೂ ಹೆಚ್ಚು ಕಡಿಮೆ ಒಂದೇ ಬಂತು. ಓಣಿಯಲ್ಲಂತೂ ಒಣನೆಲದ ಕಪ್ಪೆಯೇ ಸೋತಿತು. ಮೈಯ ನೀರು ಸ್ವಲ್ಪ ಆರಿದರೆ ಸಾಕು, ತಾಳಿಕೆಯ ಅಂಚಿಗೆ ಇನ್ನೂ ಎಷ್ಟೋ ದೂರವಿರುವಾಗಲೇ ಅದು ಕುಪ್ಪಳಿಸುವುದನ್ನು ನಿಲ್ಲಿಸಿಬಿಡುತ್ತಿತ್ತು. ತಟ್ಟಿದರೆ ಕಾಲು ಎಳೆಯುತ್ತಿತ್ತು, ಅಷ್ಟೆ. ಜೀವವಿದೆ, ಕಣ್ಣು ತೆರೆದಿದೆ, ಗಂಟಲು ಮಿಡಿಯುತ್ತಿದೆ, ಆದರೆ ಇದ್ದಲ್ಲಿಂದ ಸರಿಯಲು ಆಗುತ್ತಿಲ್ಲ.

ಮೈಸೂರಿನಲ್ಲಿದ್ದ ನನ್ನ ಮಾರ್ಗದರ್ಶಕರು ಚಿತ್ರಗಳನ್ನು ನೋಡಿ, "ನಿಮ್ಮ ಕಪ್ಪೆ ಶೂರನಲ್ಲ ಕಣ್ರೀ, ಜಾಣ. ಬಿಸಿಲನ್ನು ತಾಳಿಕೊಳ್ಳುವುದಿಲ್ಲ, ಬಿಸಿಲಿನಿಂದ ಬಚ್ಚಿಟ್ಟುಕೊಳ್ಳುತ್ತದೆ. ಅದು ಮಲಗುವ ಜಾಗದಲ್ಲಿ ಎಷ್ಟು ಬಿಸಿ ಇದೆ ಅನ್ನುವುದನ್ನು ಮೊದಲು ನೋಡಿ," ಎಂದರು.

ಅದಕ್ಕಾಗಿ ಆ ಬೇಸಿಗೆಯಲ್ಲಿ ಒಣಗಿದ ಕಟ್ಟೆಯ ಅಂಗಳದಲ್ಲಿ ಬೆರಳುದ್ದದ ಉಷ್ಣಮಾಪಕಗಳನ್ನು ಹೂತು ಬಂದಿದ್ದೆ. ತಮ್ಮಷ್ಟಕ್ಕೆ ತಾವೇ ಗಂಟೆಗಂಟೆಗೂ ಉಷ್ಣತೆಯನ್ನು ದಾಖಲಿಸಿಕೊಳ್ಳುವ ಸಾಧನಗಳು ಅವು. ಕೆಲವು ವಾರ ಬಿಟ್ಟು ತೆಗೆಯಲು ಹೋದರೆ ಕಟ್ಟೆಯೊಳಗೆ ಜೇಸಿಬಿ ನಿಂತಿತ್ತು.

ಬೇಸಿಗೆಯಲ್ಲಿ ಕಟ್ಟೆ ಒಣಗಿದಾಗ ತಳದ ಗೋಡು ಮಣ್ಣನ್ನು ತೋಡಿ ಹೊಲಕ್ಕೆ ಹೊಡೆಯುವುದು ಈ ಕಡೆಯ ರೂಢಿ. ಮಳೆನೀರು ತಂದು ತುಂಬಿದ ಕಪ್ಪು ಮಣ್ಣು ಅದು. ಹೊಲದ ಅಂಚಿನಲ್ಲಿ ಗುಡ್ಡೆ ಹಾಕಿ, ಮೊದಲ ಮಳೆ ಬಿದ್ದ ಮೇಲೆ ಹರಡುತ್ತಾರೆ. ಕಟ್ಟೆಗೂ ಒಳ್ಳೆಯದು, ಹೊಲಕ್ಕೂ ಒಳ್ಳೆಯದು. ನಮ್ಮೂರ ಕಡೆಯೂ ಅಜ್ಜನ ಕಾಲದಿಂದ ನಾನೇ ನೋಡಿಕೊಂಡು ಬಂದದ್ದು. ಮಲಗಿರುವ ಕಪ್ಪೆಗಳೂ ಆ ಮಣ್ಣಿನ ಜೊತೆಯಲ್ಲೇ ಟ್ರಾಕ್ಟರು ಹತ್ತುತ್ತವೆ ಎಂಬುದು ಮಾತ್ರ ಆವತ್ತಿನವರೆಗೆ ಹೊಳೆದಿರಲಿಲ್ಲ. ಕೆ.ಆರ್. ಪೇಟೆ ಕಡೆಯಿಂದ ಬಾಡಿಗೆಗೆ ಬಂದಿದ್ದ ಟ್ರಾಕ್ಟರಿನವನನ್ನು ನಿಲ್ಲಿಸಿ, ನಾನು ಮಾಪಕ ಹೂತಿದ್ದ ಮೂಲೆಯ ಮಣ್ಣು ಎಲ್ಲಿ ಹೋಯಿತೆಂದು ಕೇಳಿದೆ.

"ಆ ಮೂಲೆ ಮಣ್ಣಾ? ಅದನ್ನ ಆಗ್ಲೇ ಒಡ್ದಾಯ್ತಲ್ಲ. ಅಗೋ, ಆ ವಂಗೆ ಮರ ಕಾಣ್ತದಲ್ಲ, ಆ ಒಲಕ್ಕೆ ಸುರ್ದಿವ್ನಿ. ಮಳೆ ಬರೋದ್ರೊಳ್ಗೆ ಮುಗುಸ್ಬೇಕು ಮೇಡಮ್ಮು, ದಾರಿ ಬುಡಿ," ಎಂದ.

ಹೊಂಗೆ ಮರದ ಹೊಲದಲ್ಲಿ ಎರಡು ಗುಡ್ಡೆಗಳಿದ್ದವು. ಒಂದು ಮರದ ಬುಡದ ಹತ್ತಿರ, ಇನ್ನೊಂದು ಬಟಾಬಯಲಿನಲ್ಲಿ. ಬಯಲಿನ ಗುಡ್ಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹೆಂಟೆಗಳನ್ನು ಒಂದೊಂದಾಗಿ ಸರಿಸುತ್ತಿದ್ದಾಗ ಹಿಂದಿನಿಂದ ದೊಡ್ಡ ದನಿಯೊಂದು ಕೇಳಿಸಿತು.

"ಏನವ್ವಾ, ನಿಧಿ ಸಿಕ್ತಾ? ಸಿಕ್ರೆ ನಂಗೂ ಪಾಲು ಕೊಟ್ಬುಡು, ಒಲ ನಂದು."

ಐವತ್ತು ದಾಟಿದ ಹೆಂಗಸು. ತಲೆಯ ಮೇಲೆ ಹುಲ್ಲಿನ ಹೊರೆ. ಕಿವಿ ಮಂದವಾದ್ದರಿಂದ ದನಿ ದೊಡ್ಡದು. ನಾನೂ ಕೂಗಿಕೊಂಡೇ ನನ್ನ ಕಥೆ ಹೇಳಬೇಕಾಯಿತು. ಉಷ್ಣಮಾಪಕ ಸಿಗಲಿಲ್ಲ. ಆದರೆ ಒಡೆದ ಹೆಂಟೆಯೊಂದರಲ್ಲಿ ನಿಂಬೆಹಣ್ಣಿನಂತೆ ದುಂಡಗೆ ಮುದುರಿಕೊಂಡ ಕಪ್ಪೆ ಸಿಕ್ಕಿತು. ಅವಳು ಹೊರೆ ಇಳಿಸಿ ಬಗ್ಗಿ ನೋಡಿದಳು.

"ಅಯ್ಯೋ, ಮಣ್ಗಪ್ಪೆ! ಬದ್ಕದಾ?"

"ಬದ್ಕದೆ ಅಕ್ಕಾ. ನಿದ್ದೆ ಮಾಡ್ತದೆ. ಮಳೆ ಬಂದ್ರೆ ಎದ್ದೇಳ್ತದೆ."

ಇಷ್ಟು ಬಿಸಿಲಲ್ಲಿ ಅದು ಎದ್ದರೆ ಏನಾಗುತ್ತದೆ ಎಂದು ಕೇಳಿದಳು. ನಾನು ಓಣಿಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಸಾಯುವುದಕ್ಕೆ ಮೊದಲೇ ಅದರ ಕಾಲು ಸೋಲುತ್ತದೆ, ಬದುಕಿರುತ್ತದೆ, ನೆರಳು ಕಣ್ಣೆದುರಿಗೇ ಇದ್ದರೂ ಅಲ್ಲಿಗೆ ಹೋಗಲಾರದು ಎಂದೆ. ಅವಳು ಮರದ ಕಡೆ ನೋಡಿದಳು.

"ನಮ್ಮೆಜಮಾನ್ರಿಗೂ ಇಂಗೇ ಆಯ್ತು ಕಣವ್ವಾ," ಎಂದಳು. ಅವಳ ದೊಡ್ಡ ದನಿ ಈಗ ಇಳಿದಿತ್ತು. "ಓದೊರ್ಸ ಇದೇ ಒಲ್ದಲ್ಲಿ ಗೋಡು ಗುಡ್ಡೆ ಆಕ್ತಾ ಇದ್ರು. ಬಿಸ್ಲು ಬಡೀತು. ನಾನು ಊಟ ತಕ್ಕಂಡು ಬರೋವತ್ಗೆ ಬಿದ್ದಿದ್ರು, ಉಸ್ರು ಓಗಿತ್ತು. ಮರದ ನೆಳ್ಳು ಇಲ್ಲಿಂದ ಇಲ್ಲಿಗೆ, ಎಂಟಡಿ ಇತ್ತು. ಕಣ್ಣು ಬುಟ್ಕಂಡೇ ಇದ್ರು. ಕಾಲು ಬರ್ನಿಲ್ಲ. ಕೊಡಪಾನ್ದಲ್ಲಿ ನೀರಿತ್ತು, ತಲೆ ಮ್ಯಾಕೆ ಉಯ್ಯಕೆ ಒಂದು ನರಪಿಳ್ಳೆ ಇರ್ನಿಲ್ಲ. ಊರೋರೆಲ್ಲ ಅಂದ್ರು, ಅವ್ರು ಬಿಸ್ಲಿಗೆ ಜಗ್ಗೋ ಆಳಲ್ಲ, ಇದ್ಯಾಕೆ ಇಂಗಾಯ್ತು ಅಂತ."

ಇಷ್ಟು ದಿನ ಗೆರೆ ಎಣಿಸಿದ್ದೆ, ತೂಕ ನೋಡಿದ್ದೆ. ಆ ಗೆರೆಗಳ ಇನ್ನೊಂದು ತುದಿಯಲ್ಲಿ ಮನುಷ್ಯನೊಬ್ಬ ಬಿದ್ದಿರಬಹುದೆಂದು ಯೋಚಿಸಿರಲಿಲ್ಲ. ಕಪ್ಪೆಯನ್ನು ಗುಡ್ಡೆಯ ಒಳಕ್ಕೆ, ಕೈ ಹೋಗುವಷ್ಟು ಆಳಕ್ಕೆ ಇಟ್ಟು ಮಣ್ಣು ಮುಚ್ಚಿದೆ. ಗುಡ್ಡೆಯ ನಡುವೆ ತಂಪಾಗಿಯೇ ಇತ್ತು. ಮೇಲೆ ಮೊಳದುದ್ದ ಮಣ್ಣಿದ್ದರೆ ಬಿಸಿಲು ಅಲ್ಲಿಗೆ ತಲುಪುವುದಿಲ್ಲ.

"ಮಳೆ ಬರೋವರ್ಗೂ ಗುಡ್ಡೆ ಕೆದ್ಕಬೇಡಿ ಅಕ್ಕಾ. ಇಂಗೇ ಬುಟ್ರೆ ಉಳ್ಕತವೆ," ಎಂದೆ.

"ಉಳ್ಸನ ಬುಡು," ಎಂದಳು. ನನ್ನ ನಂಬರನ್ನು ಅವಳ ಮೊಬೈಲಿಗೆ ನಾನೇ ಹಾಕಿ ಕೊಟ್ಟೆ. ಬಸ್ಸಿಗೆ ಹೊರಟಾಗ ಮೊಸರನ್ನದ ಡಬ್ಬಿ ಕೈಗಿತ್ತು, ಡಬ್ಬಿ ವಾಪಸು ಕೊಡಲಾದರೂ ಬರಲೇಬೇಕೆಂದು ಹೇಳಿದಳು.

ಕೆಲವು ದಿನ ಕಳೆದು ಒಂದು ಸಂಜೆ ಫೋನು ಬಂತು. ಅವಳ ದನಿಯಲ್ಲಿ ಅಂಥ ಖುಷಿಯನ್ನು ನಾನು ಕೇಳಿರಲಿಲ್ಲ.

"ಎದ್ಬಂದ್ಬುಟ್ಟವೆ ಕಣವ್ವಾ! ಬಯ್ಲಲ್ಲಿರೋ ಗುಡ್ಡೆ ರೊಟ್ಟಿ ಅಂಚಿನಂಗೆ ಕಾದಿತ್ತು, ವಟ್ಟೆ ಉರೀತು ನಂಗೆ. ಬೋರ್ ನೀರು ಬಂದಾಗ ಡ್ರಮ್ಮು ತುಂಬ್ಕಂಡು, ನಿನ್ನೆ ಇವತ್ತು ಕೊಡದಲ್ಲಿ ಒತ್ತು ಒತ್ತು ಉಯ್ದೆ. ತಂಪಾಯ್ತು ನೋಡು, ಒಂದೊಂದೇ ಮಕ ತೋರುಸ್ತಾವೆ. ಗುಡ್ಡೆ ಮ್ಯಾಲೆ ಪಿಳಿಪಿಳಿ ಕಣ್ಣು ಬುಟ್ಕಂಡು ಕೂತವೆ!"

ಏಪ್ರಿಲಿನ ಕಾವಿನಲ್ಲಿ, ಕುಡಿಯುವುದಕ್ಕೇ ಬೋರು ಕೊಸರಾಡುವ ಊರಿನಲ್ಲಿ, ಮಣ್ಣಿನ ಗುಡ್ಡೆಗೆ ಯಾರಾದರೂ ನೀರು ಹೊರುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಮಣ್ಣು ಒದ್ದೆಯಾದರೆ ಕಪ್ಪೆಗೆ ಮಳೆ ಬಂದ ಹಾಗೆ. ತಿಂಗಳುಗಟ್ಟಲೆ ಮೈಯೊಳಗೆ ಕಾಪಾಡಿಕೊಂಡ ನೀರನ್ನು ನಂಬಿ ಮಲಗಿದ್ದದ್ದು ಏಳುತ್ತದೆ, ಹೊರಗೆ ಬರುತ್ತದೆ. ಹೊರಗೆ ಹುಳವಿಲ್ಲ, ನೀರಿಲ್ಲ, ಹಸಿರಿಲ್ಲ.

"ಅಕ್ಕಾ, ಅವನ್ನ ಹಿಡಿದು ಮಡಕೆಗೆ ಆಕಿ! ಒದ್ದೆ ಮಣ್ಣು ಆಕಿ ಮನೆಯೊಳಗಿಡಿ! ಬೆಳಗ್ಗೆ ಬಿಸಿಲು ಏರೋದ್ರೊಳಗೆ!" ಎಂದು ಕೂಗಿದೆ.

"ಕೇಳುಸ್ತಿಲ್ಲ ಕಣವ್ವಾ. ನಾಳೀಕೆ ಬಾ, ನೀನೇ ನೋಡೀಯಂತೆ," ಎಂದು ನಗುತ್ತಾ ಇಟ್ಟುಬಿಟ್ಟಳು. ಮತ್ತೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಫೋನಿನ ಸದ್ದು ಅವಳಿಗೆ ಕೇಳಿಸುತ್ತಿರಲಿಲ್ಲ.

ಬೆಳಗ್ಗೆ ಮೊದಲ ಬಸ್ಸಿಗೇ ಹೊರಟೆ. ಪಾಂಡವಪುರದಿಂದ ನಾಗಮಂಗಲಕ್ಕೆ ಬಂದು, ಅಲ್ಲಿ ಬಿಂಡಿಗನವಿಲೆಯ ಬಸ್ಸಿಗೆ ಕಾದೆ. ಬಸ್ಸು ಬಂತು, ಡ್ರೈವರು ಟೀ ಕುಡಿಯಲು ಇಳಿದ. ಆ ಮನುಷ್ಯ ಟೀಯನ್ನು ಊದಿ ಊದಿ ಕುಡಿಯುವುದನ್ನು ನೋಡುತ್ತಾ ನನಗೆ ಅಳು ಬರುವಂತಾಯಿತು. ಕಿಟಕಿಯ ಸರಳು ಆಗಲೇ ಬಿಸಿಯಾಗಿತ್ತು. ಈ ಬಿಸಿಗೆ ಇಷ್ಟು ಗೆರೆ, ಈ ಬಿಸಿಗೆ ಇಷ್ಟೇ ಗೆರೆ ಎಂದು ತಲೆ ತಾನಾಗಿಯೇ ಲೆಕ್ಕ ಹಾಕುತ್ತಿತ್ತು. ಬೇಡವೆಂದರೂ ನಿಲ್ಲಲಿಲ್ಲ.

ಹೊಲ ಮುಟ್ಟುವಾಗ ಸೂರ್ಯ ನೆತ್ತಿಯ ಹತ್ತಿರ ಬಂದಿದ್ದ. ಬಯಲಿನ ಗುಡ್ಡೆಯ ಮೇಲ್ಮೈ ಒಣಗಿ, ಬಿರುಕುಬಿಟ್ಟು, ಸುಟ್ಟ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಗೋಡು ಮಣ್ಣಿನ ಗುಣವೇ ಅದು. ಒದ್ದೆಯಾಗಿ ಬಿಸಿಲು ಕಂಡರೆ ಗುದ್ದಲಿಗೂ ಬಗ್ಗುವುದಿಲ್ಲ. ಹೊರಬಂದ ಕಪ್ಪೆಗಳು ವಾಪಸು ಒಳಗೆ ಹೋಗಲು ಕೆರೆದ ಗುರುತುಗಳಿದ್ದವು. ಆಮೇಲೆ ಹೊಲಕ್ಕಿಳಿದಿದ್ದವು. ಕೆಲವು ಮರದ ಕಡೆಗೆ, ಕೆಲವು ಎತ್ತಲೋ. ಯಾವುದೂ ಬಹಳ ದೂರ ಹೋಗಿರಲಿಲ್ಲ. ಅಭ್ಯಾಸಬಲದಿಂದ ಚೀಲದೊಳಗಿನ ಉಷ್ಣಮಾಪಕವನ್ನು ತೆಗೆದು ನೆಲಕ್ಕೆ ಹಿಡಿದೆ. ನನ್ನ ತೊಟ್ಟಿಯನ್ನು ಎಂದೂ ಅಷ್ಟು ಬಿಸಿ ಮಾಡಿರಲಿಲ್ಲ. ಮಾಪಕವನ್ನು ಚೀಲಕ್ಕೆ ಹಾಕಿದೆ.

ಅವಳು ಡ್ರಮ್ಮಿನ ಹತ್ತಿರದಿಂದ ಸೊಂಟದಲ್ಲಿ ತುಂಬಿದ ಕೊಡ ಇಟ್ಟುಕೊಂಡು ಬರುತ್ತಿದ್ದಳು. ಅತ್ತು ಕಣ್ಣು ಕೆಂಪಾಗಿದ್ದವು.

"ನೋಡವ್ವಾ, ಎಲ್ಲಾ ಸತ್ತೋಗವೆ. ಬಿಸ್ಲಿಗೆ ಸತ್ತೋದ್ವಾ?"

"ಊಂ ಅಕ್ಕಾ," ಎಂದೆ. ಸುಳ್ಳಲ್ಲ. ಅಷ್ಟಕ್ಕೇ ನಿಲ್ಲಿಸಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಬಸ್ಸಿಳಿದಿದ್ದೆ. ಗಂಡನನ್ನು ಇದೇ ಬಿಸಿಲಿಗೆ ಕೊಟ್ಟವಳಿಗೆ ಇನ್ನೇನು ಹೇಳುವುದು?

ಆದರೆ ಅವಳು ನಿಲ್ಲಲಿಲ್ಲ. ನನ್ನನ್ನು ದಾಟಿಕೊಂಡು ಮರದ ಬುಡದ ಗುಡ್ಡೆಯ ಕಡೆಗೆ ನಡೆದಳು.

"ಆ ಬಯ್ಲು ಗುಡ್ಡೆಗೆ ನೀರು ಕಮ್ಮಿ ಆಯ್ತು. ಸುಮಾರಾಗಿ ಉಯ್ದು ಬುಟ್ಬುಟ್ಟೆ. ಈ ಮರದ ಗುಡ್ಡೆಗಾದ್ರೂ ಸರ್ಯಾಗಿ ಉಯ್ತೀನಿ, ಇಲ್ಲಿರವು ಉಳ್ಕಳ್ಳಿ."

ಆ ಗುಡ್ಡೆಯೊಳಗಿನವು ಇನ್ನೂ ಮಲಗಿದ್ದವು. ನಾನು ಬಾಯಿ ಮುಚ್ಚಿಕೊಂಡರೆ ಇವಳ ಮನಸ್ಸು ಉಳಿಯುತ್ತದೆ, ಅವು ಉಳಿಯುವುದಿಲ್ಲ. ಕೊಡ ಆಗಲೇ ಬಾಗಿತ್ತು. ಹೋಗಿ ಅವಳ ಕೈ ಹಿಡಿದೆ.

"ಉಯ್ಬೇಡಿ ಅಕ್ಕಾ. ನೀರು ಕಮ್ಮಿಯಾಗಿ ಸತ್ತಿದ್ದಲ್ಲ. ನೀರು ಬಿದ್ದಿದ್ದಕ್ಕೇ ಸತ್ತವೆ."

"ಆಂ?"

ಅವಳಿಗೆ ಕೇಳಿಸಿರಲಿಲ್ಲ. ಅಂಥ ಮಾತನ್ನು ಮೆಲ್ಲಗೆ ಒಂದು ಸಲ ಹೇಳುವುದೇ ಕಷ್ಟ. ನಾನು ಅದನ್ನು ಬಯಲಿನಲ್ಲಿ ನಿಂತು, ಕೂಗಿ, ಎರಡನೇ ಸಲ ಹೇಳಬೇಕಾಯಿತು. ಮಳೆ ಬಂತು ಅಂದುಕೊಂಡು ಎದ್ದವು, ಮಣ್ಣು ಗಟ್ಟಿಯಾಯಿತು, ಒಳಗೆ ಹೋಗಲಾಗಲಿಲ್ಲ ಎಂದು ಒಂದೊಂದಾಗಿ ಬಿಡಿಸಿ ಹೇಳಿದೆ. ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸುತ್ತಿತ್ತು.

ಅವಳು ಕೊಡ ಕೆಳಗಿಟ್ಟು ಅದರ ಪಕ್ಕದಲ್ಲೇ ಕೂತಳು.

"ಅವ್ರಿಗೆ ಉಯ್ಲಿಲ್ಲ ಅಂತ ಇವ್ಕೆ ಉಯ್ದೆ," ಎಂದಳು. ಕೊಡದ ಬಾಯಿಯ ಮೇಲೆ ಅಂಗೈ ಇಟ್ಟು, "ಅವ್ರಿಗೆ ಉಯ್ದಿದ್ರೆ ಉಳೀತಿದ್ರಾ?" ಎಂದಳು.

ಬಿಸಿಲು ಬಡಿದವರ ಮೈ ತಣ್ಣಗೆ ಮಾಡಿದರೆ ಉಳಿಯುವುದುಂಟು. ಅದನ್ನೂ ನಾನು ಬಲ್ಲೆ. "ಗೊತ್ತಿಲ್ಲ ಅಕ್ಕಾ. ಉಳೀಬೌದಿತ್ತು," ಎಂದೆ. ಅದನ್ನೂ ಕೂಗಿಯೇ ಹೇಳಿದೆ. ಅವಳು ತಲೆಯಾಡಿಸಿದಳು.

ಆಮೇಲೆ ಎದ್ದಳು. ಕೊಡದ ನೀರನ್ನು ಹೊಂಗೆ ಮರದ ಆಚೆ ಬದಿಯ ಬೇರಿಗೆ ಸುರಿದಳು. ಮನೆಯ ಹಿತ್ತಲಿನಿಂದ ತೆಂಗಿನ ಸೋಗೆ ಎಳೆದು ತಂದೆವು. ಮರದ ಬುಡದ ಗುಡ್ಡೆಗೆ ಒಂದರ ಮೇಲೊಂದು ಹೊದಿಸಿದೆವು, ಒಂದು ಹನಿ ನೀರೂ ಹಾಕಲಿಲ್ಲ. ಬಯಲಿನ ಗುಡ್ಡೆಯನ್ನು ಗುದ್ದಲಿಯಿಂದ ಒಡೆದು ನೋಡಿದೆ. ಒಳಗೆ ಯಾವುದೂ ಉಳಿದಿರಲಿಲ್ಲ. ಕಳೆದುಹೋಗಿದ್ದ ಒಂದು ಉಷ್ಣಮಾಪಕ ಸಿಕ್ಕಿತು, ಮೊದಲ ಸಲ ಇಲ್ಲಿಗೆ ಅದಕ್ಕೆಂದೇ ಬಂದಿದ್ದೆ ಎಂಬುದೇ ಮರೆತಿತ್ತು. ಸತ್ತವುಗಳನ್ನು ಅವಳು ಮಂಕರಿ ಬುಟ್ಟಿಗೆ ಆರಿಸಿಕೊಂಡಳು. ಹೂಳುವ ಮೊದಲು ತೂಕ ನೋಡಬೇಕಿತ್ತು, ಅಳೆಯಬೇಕಿತ್ತು. ಅಂಥ ಮಾಹಿತಿ ಮತ್ತೆ ಸಿಗುವುದಿಲ್ಲ. ತಕ್ಕಡಿ ಚೀಲದಲ್ಲೇ ಇತ್ತು. ತೆಗೆಯಲಿಲ್ಲ.

ಮೊಸರನ್ನದ ಡಬ್ಬಿಯನ್ನು ಅಂದೇ ಹಿಂದಿರುಗಿಸಿದೆ. ಮತ್ತೆ ಬಾ ಎಂದು ಅವಳು ಹೇಳಲಿಲ್ಲ.

ಪ್ರಬಂಧ ಬರೆಯುವಾಗ ಮಾರ್ಗದರ್ಶಕರು ಇದನ್ನು ಸೇರಿಸಲೇಬೇಕೆಂದರು. ಬೇಸಿಗೆಯಲ್ಲಿ ಅಗೆದ ಮಣ್ಣು ಒದ್ದೆಯಾದರೆ ಕಪ್ಪೆಗಳು ಅಕಾಲದಲ್ಲಿ ಹೊರಬಂದು ಸಾಯುತ್ತವೆ ಎಂದು ಒಂದು ವಾಕ್ಯ ಬರೆದೆ. ಒದ್ದೆ ಮಾಡಿದವರು ಯಾರು, ಏಕೆ ಎಂದು ಬರೆಯಲು ಅಲ್ಲಿ ಜಾಗವಿರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮಳೆ ತಡವಾಗಿ ಬಂತು. ಒಂದು ಮುಸ್ಸಂಜೆ ಪಾಂಡವಪುರದ ಮನೆಯಲ್ಲಿ ಒಲೆಯ ಮುಂದಿದ್ದೆ. ನಮ್ಮಲ್ಲಿ ಇನ್ನೂ ಹನಿ ಬಿದ್ದಿರಲಿಲ್ಲ. ಫೋನು ಬಂತು. ಅವಳೇ.

"ಮಳೆ ಉಯ್ತಾ ಅದೆ ಕಣವ್ವಾ. ತಲೆ ಮ್ಯಾಕೆ ಗೋಣಿ ಗೊಪ್ಪೆ ಆಕ್ಕಂಡು ಒಲಕ್ಕೆ ಬಂದಿವ್ನಿ. ಸೋಗೆ ಎಲ್ಲಾ ತೆಗ್ದು ಸಂದಾಗಿ ನೆನೀಲಿ ಅಂತ ಬುಟ್ಟಿವ್ನಿ. ಮನೇಲಿ ಎಲ್ರೂ ಕಪ್ಪೆ ಕೂಗ್ತಾವೆ ಕೂಗ್ತಾವೆ ಅಂತಾವ್ರೆ. ನನ್ನ ಸಮಾಧಾನಕ್ಕೆ ಅಂತಾರೋ ಏನೋ. ನಂಗೆ ಕೇಳಕಿಲ್ಲ. ನೀನು ಸುಳ್ಳೇಳಕಿಲ್ಲ. ಫೋನು ಗುಡ್ಡೆ ಕಡೀಕೆ ಇಡ್ಕತೀನಿ, ಕೇಳು."

ಒಲೆ ಆರಿಸಿದೆ. ಕಿಟಕಿ ಮುಚ್ಚಿದೆ. ಮಳೆಯ ಸದ್ದು ಬಂತು. ಗೋಣಿಯ ಮೇಲೆ ಹನಿ ಬೀಳುವ ಸದ್ದು, ಹೊಂಗೆಯ ಎಲೆಗಳ ಸದ್ದು, ಎಲ್ಲೋ ನೀರು ಹರಿಯುವ ಸದ್ದು. ಆ ಕಪ್ಪೆಗಳ ಕೂಗು ನನಗೆ ಚೆನ್ನಾಗಿ ಗೊತ್ತು. ಒಂದು ಕೂಗಿದರೂ ಗುರುತು ಹಿಡಿಯಬಲ್ಲೆ. ಉಸಿರು ಬಿಗಿಹಿಡಿದು ಕೇಳಿದೆ.

"ಏನಾರಾ ಕೇಳುಸ್ತಾ?"

"ಇಲ್ಲ ಅಕ್ಕಾ," ಎಂದು ಕೂಗಿದೆ. "ಮಳೆ ಒಂದೇ."

ಫೋನನ್ನು ಇಟ್ಟುಬಿಟ್ಟಳು ಎಂದುಕೊಂಡೆ. ಆಮೇಲೆ ಅವಳ ದನಿ ಬಂತು.

"ಇನ್ನೂ ವಸಿ ಒತ್ತು ಇಡ್ಕಂಡಿರ್ತೀನಿ. ನೀನು ಕೇಳ್ತಿರು."

ಮತ್ತೆ ಮಳೆಯ ಸದ್ದು ಹತ್ತಿರ ಬಂತು. ಕತ್ತಲಾಯಿತು, ದೀಪ ಹಾಕಲು ಏಳಲಿಲ್ಲ. ಅವಳೂ ಫೋನು ಇಡಲಿಲ್ಲ, ನಾನೂ ಇಡಲಿಲ್ಲ.